ಆಡಲು ಹೋದ ಕೂಸು, ಬೀಸುತ್ತ ಕೂತ ತಾಯಿ: ಭೀಮೆಯ ಆಚೆ ದಂಡೆಯಿಂದ ತ್ರಿಪದಿಗಳ ಒಂದು ಓದು

ನನ್ನ ಧ್ವನಿ ಕೇಳಸ್ತದ ಅಂದುಕೊಂಡಿದ್ದೇನೆ. ನಾನು ಅಕ್ಕಲಕೋಟ ತಾಲೂಕಿನವಳು. ಇವತ್ತು ನಾನು ಎತ್ತಿಕೊಂಡಿರುವುದು ತಾಯಿಯೊಬ್ಬಳು ತನ್ನ ಕೂಸಿನ ಆಟದ ಬಗ್ಗೆ ಹೇಳಿಕೊಳ್ಳುವ ಕೆಲವು ಜನಪದ ತ್ರಿಪದಿಗಳನ್ನು. ಇವನ್ನು ನಾವು ಇಷ್ಟು ದಿನ 'ವಾತ್ಸಲ್ಯ' ಎಂಬ ಒಂದೇ ಪದದಲ್ಲಿ ಓದಿ ಮುಗಿಸಿದ್ದೇವೆ. ಆ ಪದ ಸಾಲದು ಎಂಬುದು ನನ್ನ ವಾದ.

ಮೊದಲು ಹಿನ್ನೆಲೆ. ಹಲಸಂಗಿಯ ಗೆಳೆಯರು ಸಂಗ್ರಹಿಸಿದ 'ಗರತಿಯ ಹಾಡು' ಬಂದದ್ದು 1931ರಲ್ಲಿ. ಆಗ ಬಿಜಾಪುರ, ಸೊಲ್ಲಾಪುರ ಎರಡೂ ಮುಂಬಯಿ ಪ್ರಾಂತದ ಜಿಲ್ಲೆಗಳು. ಅಕ್ಕಲಕೋಟ ಮತ್ತು ಜತ್ತ ಸಂಸ್ಥಾನಗಳು. 1956ರ ನಂತರ ಬಿಜಾಪುರ ಮೈಸೂರು ರಾಜ್ಯಕ್ಕೆ ಸೇರಿತು, ನಾವು ಮುಂಬಯಿ ರಾಜ್ಯದಲ್ಲಿ ಉಳಿದೆವು. ಆದರೆ ಹೆಣ್ಣು ಕೊಡುವುದು, ತರುವುದು ನಿಲ್ಲಲಿಲ್ಲ. ಇಂಡಿ ಕಡೆಯಿಂದ ಸೊಸೆಯಾಗಿ ಬಂದವರು ಹಾಡನ್ನೂ ತಂದರು. ನಮ್ಮ ಆಯಿ ಹಾಗೆ ಬಂದವಳು. ಆದ್ದರಿಂದ ಈ ತ್ರಿಪದಿಗಳು ನನಗೆ ಎಂ.ಎ. ಪಠ್ಯಕ್ಕಿಂತ ಮೊದಲು ಮನೆಯ ಮಾತು.

ಇನ್ನೊಂದು ವಿಷಯ ನೆನಪಿಡಬೇಕು. ಹಾಡಿದವರು ಹೆಂಗಸರು, ಬರೆದುಕೊಂಡು, ಆರಿಸಿ, ಪುಸ್ತಕಕ್ಕೆ ಹೆಸರು ಕೊಟ್ಟವರು ಗಂಡಸರು. ಅವರ ಕೆಲಸ ಸಣ್ಣದಲ್ಲ, ಅದಿಲ್ಲದಿದ್ದರೆ ನಾನು ಇಲ್ಲಿ ಕೂತು ಮಾತಾಡುತ್ತಿರಲಿಲ್ಲ. ಆದರೆ 'ಗರತಿ' ಎಂಬ ಆ ಹೆಸರು ನಮ್ಮ ಓದಿಗೆ ಒಂದು ಚೌಕಟ್ಟು ಹಾಕಿಬಿಟ್ಟಿದೆ. ಆ ಚೌಕಟ್ಟಿನೊಳಗಿನ ತಾಯಿಗೆ ಮಗುವನ್ನು ಮುದ್ದಿಸುವುದು ಬಿಟ್ಟು ಬೇರೆ ಕೆಲಸವೇ ಇಲ್ಲ.

ನಾವೆಲ್ಲ ಶಾಲೆಯಲ್ಲೇ ಕಲಿತ ತ್ರಿಪದಿಯನ್ನು ತೆಗೆದುಕೊಳ್ಳೋಣ. ಆಡಿ ಬಾ, ಅಂಗಾಲು ತೊಳೆಯುತ್ತೇನೆ, ತೆಂಗಿನಕಾಯಿಯ ತಿಳಿನೀರಿನಿಂದ ಮುಖ ತೊಳೆಯುತ್ತೇನೆ ಎಂದು ತಾಯಿ ಮಗುವಿಗೆ ಹೇಳುವ ಹಾಡು ಅದು. ಇದರಲ್ಲಿ ಮಗು ಯಾವ ಆಟ ಆಡಿತು ಎಂಬುದಿಲ್ಲ. ಚಿಣಿದಾಂಡೋ, ಗೋಲಿಯೋ, ಗಜಗವೋ ಗೊತ್ತಾಗುವುದಿಲ್ಲ. ಯಾರ ಜೊತೆ ಆಡಿತು, ಗೆದ್ದಿತೋ ಸೋತಿತೋ ಅದೂ ಇಲ್ಲ. ಇರುವುದು ಹೋಗುವುದು ಮತ್ತು ಬರುವುದು ಮಾತ್ರ. ಆಟ ನಡೆಯುವ ಹೊತ್ತು ಹಾಡಿನ ಹೊರಗಿದೆ. ಯಾಕೆ? ತಾಯಿ ಅದನ್ನು ನೋಡಿಲ್ಲ, ಅದಕ್ಕೆ. ಇಂಥ ಎಷ್ಟೋ ಹಾಡು ಬೀಸುಕಲ್ಲಿನ ಮುಂದೆ ಹಾಡಿದಂಥವು. ಒಂದು ಕೈ ಗೂಟದ ಮೇಲೆ, ಇನ್ನೊಂದು ಕೈ ಮುಕ್ಕು ಹಾಕಲು. ಕೂಸು ಓಣಿಯಲ್ಲಿ, ಆಕೆ ಒಳಗೆ. ಮಗುವಿನ ಆಟದಲ್ಲಿ ಆಕೆಯ ಪಾಲಿಗೆ ಬರುವುದು ಅದು ಹೊತ್ತು ತರುವ ಮಣ್ಣಷ್ಟೆ. ಹಾಡು ಅಂಗಾಲಿನಿಂದ ಶುರುವಾಗುವುದಕ್ಕೆ ಇದೇ ಕಾರಣ ಅಂತ ನನಗೆ ಅನಸ್ತದ.

ಈ ಪ್ರಬಂಧದ ಕರಡನ್ನು ನಮ್ಮವ್ವನಿಗೆ ಓದಿ ಹೇಳಿದೆ. ಅವ್ವ ನಾಲ್ಕನೇ ಇಯತ್ತೆಯವರೆಗೆ ಕಲಿತವಳು, ಈಗಲೂ ಹೊಲದ ಕೆಲಸಕ್ಕೆ ಹೋಗುತ್ತಾಳೆ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸದೆ ಅಂದಳು: "ತೆಂಗಿನಕಾಯಿ ನೀರಾಗ ಮಾರಿ ತೊಳಿತಾಳಂತ? ಬ್ಯಾಸಗ್ಯಾಗ ಕುಡ್ಯಾಕ ನೀರಿಲ್ಲ ನಮ್ಮ ಕಡೆ. ಅದು ಮಗ ಲಗೂನ ಮನಿಗಿ ಬರಲಿ ಅಂತ ತೋರಿಸೋ ಆಸೆ ಬಿಡವಾ. ನಾ ನಿಮಗ ಬೆಲ್ಲ ಕೊಡತೀನಿ ಅಂತಿದ್ದಿಲ್ಲೇನು?" ಕೊಡುತ್ತಿದ್ದಳೇ ಎಂದು ಕೇಳಿದೆ. "ಇದ್ದಾಗ ಕೊಡತಿದ್ದೆ" ಅಂದಳು.

ಈ ಮಾತು ನನ್ನ ಕರಡನ್ನು ಕೆಡಿಸಿತು. ಮರಳಿ ಹೋಗಿ ಕ್ರಿಯಾಪದವನ್ನು ನೋಡಿದೆ. ಅದು ಸಂಭಾವನಾರ್ಥಕದಲ್ಲಿದೆ: ತೊಳೆಯುತ್ತಿದ್ದೇನೆ ಎಂದಲ್ಲ, ತೊಳೆದೇನು ಎಂದು. ಅಂದರೆ ನಡೆದದ್ದರ ವರ್ಣನೆಯಲ್ಲ, ನಡೆಸುವೆನೆಂಬ ಮಾತು. ಕೈಯಲ್ಲಿ ಕೆಲಸವಿರುವಾಗ ಕೊಡಲಾಗದ ಹೊತ್ತನ್ನು ತಾಯಿ ಮುಂದಕ್ಕೆ ಹಾಕುತ್ತಿದ್ದಾಳೆ. ನಮ್ಮ ಬಯಲುಸೀಮೆಯಲ್ಲಿ ತೆಂಗು ಸುಲಭದ ವಸ್ತುವಲ್ಲ. ಹೆಚ್ಚು ಬೆಲೆಯದನ್ನೇ ಹೇಳುವುದರಲ್ಲಿ ಪ್ರೀತಿಯೂ ಇದೆ, ಕರೆಯುವ ಉಪಾಯವೂ ಇದೆ. ಎರಡನ್ನೂ ಬಿಡಿಸದೆ ಹಿಡಿಯುವುದು ಈ ಹಾಡಿನ ಬಲ. ವಾತ್ಸಲ್ಯ ಎಂದುಬಿಟ್ಟರೆ ಉಪಾಯ ಕಾಣುವುದಿಲ್ಲ. ಶ್ರಮ ಎಂದಷ್ಟೇ ಹೇಳಿದರೆ ಪ್ರೀತಿ ಕಾಣುವುದಿಲ್ಲ.

ಎರಡನೆಯದು, ಕೂಸಿರುವ ಮನೆಗೆ ಬೀಸಣಿಗೆ ಬೇಡ ಎನ್ನುವ ತ್ರಿಪದಿ. ಕೂಸು ಒಳಗೆ ಹೊರಗೆ ಆಡಿದರೆ ಸಾಕು, ಗಾಳಿ ಸುಳಿಯುತ್ತದೆ ಎಂಬುದು ಅದರ ಮಾತು. ಇದನ್ನು ಸುಂದರ ಕಲ್ಪನೆ ಎಂದು ಎಲ್ಲರೂ ಮೆಚ್ಚಿದ್ದಾರೆ. ಆದರೆ ಗಾಳಿ ಬೇಕಾದದ್ದು ಯಾರಿಗೆ? ಬೆವರಿದವಳಿಗೆ. ಇಲ್ಲಿಯೂ ಆಕೆ ಎದ್ದು ಹೋಗಿ ಆಟ ನೋಡುವುದಿಲ್ಲ. ಕೂತಲ್ಲೇ, ಪಕ್ಕದಲ್ಲಿ ಓಡಿದ ಮಗುವಿನ ಗಾಳಿಯನ್ನು ಮೈಮೇಲೆ ತೆಗೆದುಕೊಳ್ಳುತ್ತಾಳೆ. ಆಟ ಆಕೆಗೆ ನೋಟವಲ್ಲ, ಕೆಲಸದ ನಡುವೆ ಸಿಕ್ಕ ಒಂದು ಕ್ಷಣದ ತಂಪು.

ಹಾಗಾದರೆ ತಾಯಿಯ ಆಟ ಎಲ್ಲಿ? ಅದು ಗಂಡನ ಮನೆಯಲ್ಲಿ ಕಾಣುವುದಿಲ್ಲ. ಪಂಚಮಿಯ ಹಾಡುಗಳಲ್ಲಿದೆ, ತವರಿನ ಜೋಕಾಲಿಯ ಮೇಲಿದೆ. ಅಣ್ಣ ಕರೆಯಲು ಬಂದರೆ ಮಾತ್ರ ಅದು ಸಿಗುವಂಥದ್ದು. ಬರದಿದ್ದರೆ ಹಾಡು ದುಃಖದ್ದಾಗುತ್ತದೆ. ಗಂಡುಮಗುವಿನ ಆಟ ದಿನನಿತ್ಯದ್ದು, ಓಣಿಯದ್ದು. ಹೆಣ್ಣಿನ ಆಟ ಹಬ್ಬದ್ದು, ಬೇರೆಯವರು ಕರೆದರೆ ಉಂಟು. ಆಷಾಢದ ಗುಳ್ಳವ್ವನಲ್ಲಿ ಹುಡುಗಿಯರು ಮಣ್ಣಿನಲ್ಲಿ ಆಡುವುದುಂಟು. ಆದರೆ ಅದೂ ಪೂಜೆಯ ಹೆಸರಿನಲ್ಲೇ. ಕೂಸಿನ ಹಾಡನ್ನೂ ಪಂಚಮಿಯ ಹಾಡನ್ನೂ ಸಂಗ್ರಹಗಳು ಬೇರೆ ಬೇರೆ ವಿಭಾಗದಲ್ಲಿ ಇಟ್ಟಿರುವುದರಿಂದ ಈ ವ್ಯತ್ಯಾಸ ನಮಗೆ ಒಟ್ಟಿಗೆ ಕಾಣಲಿಲ್ಲ. ಒಬ್ಬಳೇ ಹೆಂಗಸು ಎರಡನ್ನೂ ಹಾಡಿರುತ್ತಾಳೆ.

ಕೊನೆಯ ಮಾತು ನಮ್ಮ ಊರಿನದು. ಗಿರಣಿ ಬಂತು, ಬೀಸುವ ಹಾಡು ಹೋಯಿತು. ಅವ್ವನಿಗೆ ಆಯಿಯ ಹಾಡುಗಳಲ್ಲಿ ಹತ್ತೂ ಬರುವುದಿಲ್ಲ. ನಮ್ಮಣ್ಣನ ಮಕ್ಕಳು ಮರಾಠಿ ಶಾಲೆಗೆ ಹೋಗುತ್ತಾರೆ. ಓಣಿಯಲ್ಲಿ ಅವರು ಆಡುವುದು ಲಪಂಡಾವ್, ವಿಟಿದಾಂಡು. ಹೊಸ್ತಿಲು ದಾಟಿ ಒಳಗೆ ಬಂದರೆ "ಯವ್ವಾ, ಹಸಿವಿ" ಅನ್ನುತ್ತಾರೆ. ಆಟ ಮರಾಠಿ, ಹಸಿವೆ ಕನ್ನಡ. ಇದನ್ನು ನಾನು ಅಳುತ್ತ ಹೇಳುತ್ತಿಲ್ಲ, ಮಕ್ಕಳು ಎರಡರಲ್ಲೂ ಆರಾಮಾಗಿದ್ದಾರೆ. ಆದರೆ ಗಡಿನಾಡ ಕನ್ನಡ ಉಳಿಯುವುದೆಂದರೆ ಶಾಲೆ, ಬೋರ್ಡು, ನಿರ್ಣಯಗಳು ಎಂದಷ್ಟೇ ನಾವು ಚರ್ಚಿಸುತ್ತೇವೆ. ಮಗುವನ್ನು ಮನೆಗೆ ಕರೆಯುವ ಮಾತು ಯಾವ ಭಾಷೆಯದು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅವ್ವ ಇನ್ನೂ ಕನ್ನಡದಲ್ಲೇ ಕರೆಯುತ್ತಾಳೆ.

(ಚರ್ಚೆಯಲ್ಲಿ ಅಧ್ಯಾಪಕರೊಬ್ಬರು, ಒಬ್ಬ ತಾಯಿಯ ಅಭಿಪ್ರಾಯದ ಮೇಲೆ ಇಷ್ಟು ದೊಡ್ಡ ತೀರ್ಮಾನ ಸರಿಯೇ ಎಂದು ಕೇಳಿದರು.)

ಸರಿ ಇದೆ ಸರ್ ನಿಮ್ಮ ಪ್ರಶ್ನೆ. ಅವ್ವನ ಮಾತು ಪುರಾವೆಯಲ್ಲ. ಅದು ನನ್ನನ್ನು ಪಠ್ಯದ ಕ್ರಿಯಾಪದಕ್ಕೆ ಮರಳಿ ಕಳಿಸಿತು, ಅಷ್ಟೆ. ಪುರಾವೆ ಪಠ್ಯದಲ್ಲೇ ಇದೆ. ಆದರೆ ಈ ಹಾಡುಗಳ ಬಗ್ಗೆ ಇಷ್ಟು ಬರೆದ ನಾವು, ಹಾಡಿದವರ ಮಕ್ಕಳು ಮೊಮ್ಮಕ್ಕಳಿಗೆ ಇದರ ಅರ್ಥ ಏನು ಅಂತ ಎಷ್ಟು ಸಲ ಕೇಳಿದ್ದೇವೆ? ಜತ್ತ, ತಾಳವಾಡಿ, ಕಾಸರಗೋಡಿನ ಗೆಳೆಯರು ಇವತ್ತು ಇಲ್ಲಿದ್ದೀರಿ. ನಿಮ್ಮ ಮನೆಯಲ್ಲಿ ಒಮ್ಮೆ ಕೇಳಿ ನೋಡಿ. ಉತ್ತರ ಬೇರೆ ಬಂದರೆ ನನ್ನ ಓದನ್ನು ತಿದ್ದಿಕೊಳ್ಳುತ್ತೇನೆ.