ಗಾಜಿನ ಮೂಗಿನ ಮಿಚೆಲ್

ಹಾರುವುದನ್ನು ನೋಡಿ ಗುರುತು ಹಿಡಿಯುವುದು ಮೂಡಿಗೆರೆ ಕಡೆಯವರಿಗೆ ಹೊಸದಲ್ಲ. ತೇಜಸ್ವಿಯವರ ಹಕ್ಕಿ ಚಿತ್ರಗಳನ್ನು ನೋಡುತ್ತ ಬೆಳೆದವರು ನಾವು. ಸಿಲ್ವರ್ ಮರಗಳ ಮೇಲೆ ಗರುಡ ಹಾದುಹೋದರೆ ಬಣ್ಣ ಕಾಣುವ ಮೊದಲೇ ರೆಕ್ಕೆಯ ಬಾಗಿನಿಂದ ಹೇಳಿಬಿಡುತ್ತೇವೆ. ಎರಡನೇ ಮಹಾಯುದ್ಧದ ಬಿ-25 ಮಿಚೆಲ್ ಬಾಂಬರನ್ನೂ ಹಾಗೆಯೇ ನೋಡಿ. ರೆಕ್ಕೆ ಇಂಜಿನ್ನಿನವರೆಗೆ ಮೇಲೇರುತ್ತದೆ, ಆಚೆಗೆ ಹೆಚ್ಚುಕಡಿಮೆ ಸಮತಟ್ಟು. ಮೊದಲ ಒಂಬತ್ತು ವಿಮಾನಗಳಲ್ಲಿ ತುದಿಯವರೆಗೂ ಏರಿತ್ತು. ಹಾರಾಟ ಸ್ಥಿರವಿಲ್ಲವೆಂದು ಹೊರಭಾಗವನ್ನು ತಗ್ಗಿಸಿದರು. ಆ ಮುರಿದ ಗೆರೆಯೇ ಅದರ ಚೆಲುವು.

ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಶುರುವಾದದ್ದು 1940ರಲ್ಲಿ. 1943ರಲ್ಲಿ ಅದು ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಗಿ, ಭಾರತ-ಬರ್ಮಾ ರಂಗದ ವಿಮಾನಗಳಿಗೆ ದುರಸ್ತಿಯ ಮನೆಯಾಯಿತು. ಬರ್ಮಾದ ಸೇತುವೆಗಳನ್ನು ಉರುಳಿಸಿದ ವಿಮಾನಗಳಲ್ಲಿ ಮಿಚೆಲ್ ಮುಖ್ಯವಾದದ್ದು.

ಇದರ ಕೊನೆಯ ಮಾದರಿ 'ಜೆ'. ಕಾನ್ಸಾಸ್ ಸಿಟಿಯಲ್ಲಿ 4,300ಕ್ಕೂ ಹೆಚ್ಚು ತಯಾರಾದವು. ಹೊಸಬರು ಮೊದಲು ಮೂಗನ್ನು ನೋಡಬೇಕು. ಹಿಂದಿನ 'ಎಚ್' ಮಾದರಿಯ ಮೂಗಿನಲ್ಲಿ 75 ಮಿಲಿಮೀಟರಿನ ಫಿರಂಗಿ ಇತ್ತು. ಕೈಯಿಂದ ಗುಂಡು ತುಂಬಬೇಕು, ಒಂದು ದಾಳಿಗೆ ನಾಲ್ಕು ಸಲ ಹಾರಿಸಿದರೆ ಹೆಚ್ಚು. 'ಜೆ'ಯಲ್ಲಿ ಫಿರಂಗಿ ಹೋಗಿ ಗಾಜು ಮರಳಿ ಬಂತು. 'ಎಚ್'ನಿಂದ ಉಳಿಸಿಕೊಂಡದ್ದು, ಪೈಲಟ್ಟುಗಳ ಬೆನ್ನಿಗೇ ಬಂದು ಕೂತ ಮೇಲಿನ ಬಂದೂಕುಗೋಪುರ. ಬೇಡದ್ದನ್ನು ಬಿಟ್ಟು ಬೇಕಾದದ್ದನ್ನು ಇಟ್ಟುಕೊಂಡ ಈ ರೂಪ ನನಗೆ ಎಲ್ಲಕ್ಕಿಂತ ಇಷ್ಟ.

ಕೈಯಾರೆ ಕಟ್ಟಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಎಪ್ಪತ್ತೆರಡರಲ್ಲಿ ಒಂದು ಅಳತೆಯ ಪ್ಲಾಸ್ಟಿಕ್ ಮಾದರಿ ಉದ್ದಕ್ಕೆ ಒಂದು ಗೇಣು. ಮೂಗಿನ ಹಿಂದೆ ಗಾಳದ ಸೀಸದ ಗುಂಡುಗಳನ್ನು ತುಂಬದಿದ್ದರೆ ಬಾಲ ಕೆಳಗೆ ಹಾಕಿ ಕೂತುಬಿಡುತ್ತದೆ. ಗಾಜಿಗೆ ಸೂಪರ್ ಗ್ಲೂ ಬೇಡ, ಅದರ ಆವಿಗೇ ಮಂಜು ಕವಿಯುತ್ತದೆ; ಬಿಳಿ ಫೆವಿಕಾಲ್ ಸಾಕು. ಕಳಸದ ಆಷಾಢದ ತೇವಕ್ಕೆ ಬಣ್ಣ ಬಿಳಿಚಿಕೊಳ್ಳುವುದರಿಂದ ಆ ಕೆಲಸವನ್ನು ಬೇಸಿಗೆಗೆ ಇಟ್ಟುಕೊಳ್ಳಿ.

ಆಮೇಲೆ ಕಾಫಿ ಒಣಗಿಸುವ ಕಣ ಖಾಲಿಯಿದ್ದಾಗ ಸುಣ್ಣದ ಪುಡಿಯಲ್ಲಿ ನಿಜ ಅಳತೆ ಗುರುತು ಹಾಕಿ. ರೆಕ್ಕೆಯ ತುದಿಯಿಂದ ತುದಿಗೆ ಅರವತ್ತೇಳೂವರೆ ಅಡಿ, ಉದ್ದ ಐವತ್ಮೂರು. ಆರು ಜನರನ್ನು ಅವರವರ ಜಾಗದಲ್ಲಿ ನಿಲ್ಲಿಸಿ. ಬಾಂಬು ಗುರಿಯಿಡುವವನು ಪೈಲಟ್ಟುಗಳ ಕೆಳಗಿನ ಇಕ್ಕಟ್ಟಾದ ದಾರಿಯಲ್ಲಿ ತೆವಳಿಕೊಂಡು ಮುಂದೆ ಹೋಗಬೇಕು. ಅಲ್ಲಿ ಅವನ ಸುತ್ತ ಗಾಜು, ಕೆಳಗೆ ಬರ್ಮಾದ ಹೊಳೆ, ಹೊಳೆಯ ಮೇಲೊಂದು ಸೇತುವೆ.