ಮಾತಿಗೂ ಒಂದು ಸರದಿ ಬೇಡವೇ?

ಬೆಂಗಳೂರಿನ ಯಾವ ಹೊಸ ಆಫೀಸಿಗೆ ಹೋದರೂ ಒಂದು ಮಾತು ಗ್ಯಾರಂಟಿ: ‘ನಮ್ಮಲ್ಲಿ ಎಲ್ಲಾ ವೈರ್‌ಲೆಸ್.’ ಟೇಬಲ್ ಮೇಲೆ ಫೋನ್ ಇಲ್ಲ, ಲ್ಯಾನ್ ಕೇಬಲ್ ಇಲ್ಲ, ಎಲ್ಲಿ ಬೇಕಾದ್ರೂ ಕೂತು ಕೆಲಸ ಮಾಡಿ. ನೋಡೋಕೆ ಚೆಂದವೇ. ಡೇಟಾ ಬಗ್ಗೆ ನನ್ನ ತಕರಾರೂ ಇಲ್ಲ. ತಕರಾರು ಇರೋದು ಮಾತಿನ ಬಗ್ಗೆ. ಮಾತನ್ನೂ ಒಂದು ಫೈಲ್ ಅಂದುಕೊಂಡು ಕಟ್ಟಿದ ವ್ಯವಸ್ಥೆ ಇದು.

ಫೈಲ್ ಕಳಿಸುವಾಗ ಒಂದು ತುಣುಕು ಕಳೆದುಹೋದರೆ ಮತ್ತೆ ಕಳಿಸಬಹುದು, ಎರಡು ಸೆಕೆಂಡ್ ತಡವಾದರೆ ಯಾರಿಗೂ ಗೊತ್ತಾಗಲ್ಲ. ಮಾತು ಹಾಗಲ್ಲ. ನೀವು ಕಾಲ್‌ನಲ್ಲಿ ಮಾತಾಡಿದ್ದನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ ಕಳಿಸುತ್ತಾರೆ, ಅಂದರೆ ಸೆಕೆಂಡಿಗೆ 50 ತುಣುಕು. ತಡವಾಗಿ ಬಂದ ತುಣುಕು ಬಂದರೂ ಕಸವೇ. ಖಾಲಿ ಬಿದ್ದ ಜಾಗಕ್ಕೆ ಸಾಫ್ಟ್‌ವೇರು ಹಿಂದಿನ ಸದ್ದನ್ನೇ ಎಳೆದು ತೇಪೆ ಹಾಕುತ್ತೆ. ಒಂದೆರಡು ತೇಪೆ ಕಿವಿಗೆ ಬೀಳಲ್ಲ. ಸಾಲಾಗಿ ನಾಲ್ಕೈದು ಬಿದ್ದರೆ ‘ಫಿಫ್ಟೀನ್’ ಹೋಗಿ ‘ಫಿಫ್ಟಿ’ ಆಗುತ್ತೆ. ನಮ್ಮ ಭಾಷೆಯ ಕಥೆ ಇನ್ನೂ ಕಷ್ಟ. ‘ಆಗುತ್ತೆ’ಯೋ ‘ಆಗಲ್ಲ’ವೋ ಅನ್ನೋದು ಇರೋದೇ ಪದದ ಬಾಲದಲ್ಲಿ.

ಕಂಪ್ಲೇಂಟ್ ಕೊಟ್ಟರೆ ಐಟಿ ಟೀಮಿನವರು ಮೊದಲು ಮಾಡೋದು ಸ್ಪೀಡ್ ಟೆಸ್ಟ್. ‘ನೋಡಿ, 90 ಎಂಬಿಪಿಎಸ್ ಬರ್ತಿದೆ, ನೆಟ್‌ವರ್ಕ್ ಚೆನ್ನಾಗೇ ಇದೆ.’ ಸ್ವಾಮಿ, ಹಳೇ ಟೆಲಿಫೋನ್ ಗುಣಮಟ್ಟದ ಮಾತಿಗೆ ಹೆಡರ್‌ಗಳೆಲ್ಲ ಸೇರಿ 80 ಕೆಬಿಪಿಎಸ್ ಸಾಕು. ಕೊರತೆ ಇರೋದು ವೇಗಕ್ಕಲ್ಲ, ಸರದಿಗೆ.

ನಮ್ಮೂರ ಕಡೆ ನಾಲೆ ನೀರಿಗೆ ಸರದಿ ಇದೆ. ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನವರೆಗೆ ಇಂಥವರ ಗದ್ದೆಗೆ, ಆಮೇಲೆ ಪಕ್ಕದವರಿಗೆ. ನೀರು ಕಮ್ಮಿಯಿದ್ದರೂ ನಿಮ್ಮ ಪಾಲಿನ ಹೊತ್ತು ನಿಮ್ಮದು. 1990ರ ದಶಕದ ಶುರುವಿನಲ್ಲಿ ಯುರೋಪಿನಲ್ಲಿ ಬಂದ ಡೆಕ್ಟ್ ಅನ್ನೋ ಕಾರ್ಡ್‌ಲೆಸ್ ಫೋನ್ ತಂತ್ರಜ್ಞಾನ ಕೆಲಸ ಮಾಡೋದು ಹೀಗೇ. 10 ಮಿಲಿಸೆಕೆಂಡನ್ನು 24 ಪಾಲು ಮಾಡುತ್ತೆ. 12 ಪಾಲು ಹೋಗೋಕೆ, 12 ಬರೋಕೆ. ಕಾಲ್ ಶುರುವಾದಾಗ ಒಂದು ಜೋಡಿ ನಿಮ್ಮ ಹೆಸರಿಗೆ. ಅದು ಪ್ರತಿ 10 ಮಿಲಿಸೆಕೆಂಡಿಗೊಮ್ಮೆ ತಪ್ಪದೆ ಬರುತ್ತೆ. ಅಲ್ಲಿ ಅದಕ್ಕಂತಲೇ 1880ರಿಂದ 1900 ಮೆಗಾಹರ್ಟ್ಸ್‌ವರೆಗಿನ ತರಂಗಾಂತರವನ್ನೂ ಎತ್ತಿಟ್ಟರು.

ವೈಫೈ ಮೂಲದಲ್ಲಿ ಹಾಗಲ್ಲ. ಎಲ್ಲರೂ ಕಿವಿಗೊಟ್ಟು ಕಾಯೋದು, ಸಂದು ಸಿಕ್ಕ ಕೂಡಲೇ ನುಗ್ಗೋದು, ಡಿಕ್ಕಿಯಾದರೆ ಲಾಟರಿ ಎತ್ತಿದ ಹಾಗೆ ಒಂದಷ್ಟು ಹೊತ್ತು ಸುಮ್ಮನಿದ್ದು ಮತ್ತೆ ನುಗ್ಗೋದು. ಅದರಲ್ಲೂ 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಅದೇ ಜಾಗದಲ್ಲಿ ಬ್ಲೂಟೂತ್ ಹೆಡ್‌ಸೆಟ್ಟೂ ಸೆಕೆಂಡಿಗೆ 1600 ಸಲ ಚಾನೆಲ್ ಬದಲಾಯಿಸುತ್ತಾ ಓಡಾಡ್ತಿರುತ್ತೆ. ಪ್ಯಾಂಟ್ರಿಯಲ್ಲಿ ಚಿತ್ರಾನ್ನ ಬಿಸಿ ಮಾಡೋ ಮೈಕ್ರೋವೇವ್ ಓವನ್ ಕೂಡ ಅಲ್ಲೇ. ಊಟದ ಹೊತ್ತಿಗೆ ಪ್ಯಾಂಟ್ರಿ ಪಕ್ಕದ ಮೀಟಿಂಗ್ ರೂಮ್ ಬುಕ್ ಮಾಡಬೇಡಿ ಅಂತ ನಾನು ಹೇಳೋದು ವಾಸನೆಗೆ ಹೆದರಿ ಅಲ್ಲ.

ಹಾಗಂತ ಎಲ್ಲರೂ ಡೆಕ್ಟ್‌ಗೆ ವಾಪಸ್ ಹೋಗಿ ಅಂತಲೂ ನಾನು ಹೇಳಲ್ಲ. ಅದರ ಒಂದು ಪಾಲಿಗೆ ಸಿಗೋದು 32 ಕೆಬಿಪಿಎಸ್. ಇವತ್ತಿನ ಲ್ಯಾಪ್‌ಟಾಪಿಗೆ ಅದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಆದರೆ ಒಂದು ಕಾಲಕ್ಕೆ ಅದನ್ನೇ ಇಟ್ಟುಕೊಂಡು ಐಐಟಿ ಮದ್ರಾಸಿನ ಅಶೋಕ್ ಝುನ್‌ಝುನ್‌ವಾಲಾ ಅವರ ಗುಂಪು ‘ಕಾರ್‌ಡೆಕ್ಟ್’ ಕಟ್ಟಿತ್ತು. ಫೋನ್ ಮಾತಿನ ಜತೆಗೇ 35 ಕೆಬಿಪಿಎಸ್ ಇಂಟರ್ನೆಟ್. ಅದು ಆಫೀಸಿಗಲ್ಲ, ಕೇಬಲ್ ಎಳೆಯೋಕೆ ದುಬಾರಿಯಾಗೋ ಊರು-ಹಳ್ಳಿಗಳಿಗೆ. ಡೇಟಾ ಬಂತು ಅಂತ ಅವರು ಮಾತಿನ ಪಾಲನ್ನು ಕಿತ್ತುಕೊಳ್ಳಲಿಲ್ಲ ಅನ್ನೋದು ಎಂಜಿನಿಯರಾಗಿ ನನಗೆ ಇಷ್ಟವಾದ ವಿಷಯ.

ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂದರೆ, ಲೈನ್ ಕೆಟ್ಟಾಗ ಬೈಗುಳ ಬೀಳೋದು ಲೈನಿಗಲ್ಲ. ಮಾತು ತುಂಡಾದಾಗ ಕೇಳುವವರು ಊಹೆಯಿಂದ ತುಂಬಿಕೊಳ್ತಾರೆ. ಪರಿಚಿತ ಉಚ್ಚಾರಣೆಯಾದರೆ ಊಹೆ ಸುಲಭ. ಹಾಸನದ ಕಡೆಯ ಹಳ್ಳಿಯಲ್ಲಿ ಕನ್ನಡ ಮೀಡಿಯಂ ಓದಿ ಬಂದ ಹುಡುಗನ ಇಂಗ್ಲಿಷನ್ನು ಟೆಕ್ಸಾಸ್‌ನಲ್ಲಿ ಕೂತವರು ಲೈನ್ ಸರಿಯಿದ್ದಾಗಲೇ ಸ್ವಲ್ಪ ಕಷ್ಟಪಟ್ಟು ಕೇಳ್ತಿರ್ತಾರೆ. ಅದರಲ್ಲಿ ನಾಲ್ಕು ತುಣುಕು ಬಿದ್ದುಹೋದರೆ ಮುಗೀತು. ನಾನು ಹಿಂದೆ ಇದ್ದ ಒಂದು ಟೀಮಿನಲ್ಲಿ ಇಂಥ ಹುಡುಗನೊಬ್ಬನಿಗೆ ಅಪ್ರೈಸಲ್‌ನಲ್ಲಿ ಬಂದ ಷರಾ: ‘ಕಮ್ಯುನಿಕೇಶನ್ ಸುಧಾರಿಸಬೇಕು.’ ಅವನ ಸೀಟು ಇದ್ದದ್ದು ಹಾಲಿನ ಕೊನೇ ಮೂಲೆಯಲ್ಲಿ, ಎರಡು ಕಡ್ಡಿ ಸಿಗ್ನಲ್. ಎಲ್ಲಾ ಟೀಮುಗಳ ಕಾಲ್ ಸಂಜೆ ಆರೂವರೆಗೇ. ಕಂಪನಿ ಅವನನ್ನು ಸ್ಪೋಕನ್ ಇಂಗ್ಲಿಷ್ ಟ್ರೈನಿಂಗಿಗೆ ಕಳಿಸಿತು. ಆ ಮೂಲೆಗೆ ಇನ್ನೊಂದು ಆಕ್ಸೆಸ್ ಪಾಯಿಂಟ್ ಹಾಕಲಿಲ್ಲ. ಟ್ರೈನಿಂಗಿಂದ ಅವನಿಗೆ ಉಪಯೋಗ ಆಗಿರಬಹುದು, ಇಲ್ಲ ಅನ್ನಲ್ಲ. ಆದರೆ ಯಾರೂ ಆ ಕಾಲ್‌ನ ಪ್ಯಾಕೆಟ್ ಲಾಸ್ ಎಷ್ಟು ಅಂತ ನೋಡಲೇ ಇಲ್ಲ. ಎಷ್ಟೋ ಮೀಟಿಂಗ್ ಸಾಫ್ಟ್‌ವೇರುಗಳು ಆ ಅಂಕಿಯನ್ನು ತೋರಿಸ್ತವೆ.

ಪರಿಹಾರ ರಾಕೆಟ್ ವಿಜ್ಞಾನವೇನಲ್ಲ. ಮಾತಿನ ತುಣುಕಿಗೆ ಮೊದಲು ದಾರಿ ಬಿಡೋ ವ್ಯವಸ್ಥೆ ವೈಫೈ ಸ್ಟ್ಯಾಂಡರ್ಡಿಗೆ ಸೇರಿದ್ದು 2005ರಲ್ಲೇ. ಆದರೆ ತುಣುಕಿನ ಮೇಲೆ ‘ಇದು ಮಾತು’ ಅಂತ ಗುರುತು ಇರಬೇಕು, ನಡುವಿನ ರೂಟರ್ ಅದನ್ನು ಅಳಿಸಬಾರದು. ಕಾನ್ಫಿಗರ್ ಮಾಡದೆ ಬಿಟ್ಟರೆ ಅದು ಇದ್ದೂ ಇಲ್ಲದ ಹಾಗೆ. ವೈಫೈ 6ರಲ್ಲಂತೂ ಆಕ್ಸೆಸ್ ಪಾಯಿಂಟೇ ಸರದಿ ಹಂಚಬಲ್ಲದು. ಅದಕ್ಕೆ ಎರಡೂ ಕಡೆಯ ಸಾಧನ ಹೊಸದಿರಬೇಕು. ಕಾಲ್‌ಗಳನ್ನು 5 ಗಿಗಾಹರ್ಟ್ಸ್‌ಗೆ ಹಾಕಿದರೂ ಅರ್ಧ ಗಲಾಟೆ ಕಮ್ಮಿ.

ಇದ್ಯಾವುದೂ ಆಗಲ್ಲ ಅಂದರೆ, ಕಾಲ್ ಮಾಡೋಕೆ ಅಂತಲೇ ಕಟ್ಟಿರೋ ಆ ಗಾಜಿನ ಪುಟ್ಟ ಗೂಡುಗಳಿಗೆ ಒಂದೊಂದು ಲ್ಯಾನ್ ಕೇಬಲ್ ಎಳೆಸಿ, ಜತೆಗೊಂದು ಅಡಾಪ್ಟರ್ ಇಡಿ. ಈಗಿನ ತೆಳು ಲ್ಯಾಪ್‌ಟಾಪುಗಳಲ್ಲಿ ಲ್ಯಾನ್ ತೂತೇ ಇರಲ್ಲ. ‘ವೈರ್‌ಲೆಸ್ ಆಫೀಸಿಗೆ ವೈರಾ?’ ಅಂತ ಯಾರಾದರೂ ಕೇಳಿದರೆ ಡೈರೆಕ್ಟರ್ ಕ್ಯಾಬಿನ್ನಿನಲ್ಲಿ ಮೇಜಿನ ಕೆಳಗೆ ಬಗ್ಗಿ ನೋಡೋಕೆ ಹೇಳಿ. ನಾನು ಕೆಲಸ ಮಾಡಿದ ಮೂರು ಕಡೆಯೂ ಅಲ್ಲಿ ಒಂದು ನೀಲಿ ಕೇಬಲ್ ಇತ್ತು.