'ಮರಳಿ ಮಣ್ಣಿಗೆ'ಯಲ್ಲಿ ದುಡಿಮೆ ಮತ್ತು ತಾಯ್ತನ: ವಂಡ್ಸೆಯ ಕಡೆಯಿಂದ ಒಂದು ವಿಮರ್ಶೆ

ಶಿವರಾಮ ಕಾರಂತರ (1902–1997) 'ಮರಳಿ ಮಣ್ಣಿಗೆ' ಕಾದಂಬರಿಯನ್ನು ಮೆಚ್ಚಿದವರು ಅದರ ಸ್ತ್ರೀಪಾತ್ರಗಳ ಸಹನೆಯನ್ನು ವಿಶೇಷವಾಗಿ ಕೊಂಡಾಡುವುದುಂಟು. ಆ ಮೆಚ್ಚಿಕೆಯ ಬಗೆಗೆ ನಮಗೆ ತಕರಾರಿಲ್ಲ. ಆದರೆ ಇತಿಹಾಸದ ಅಭ್ಯಾಸಿಗಳಾದ ನಾವು ಕೇಳಬೇಕಾದ ಪ್ರಶ್ನೆ ಬೇರೆ. ಮನೆಯ ಹೆಂಗಸರು ಗದ್ದೆಗಿಳಿದ ಹೊತ್ತಿನಲ್ಲಿ ಮಗುವನ್ನು ಎತ್ತಿಕೊಂಡವರು ಯಾರು? ಕಂದಾಯದ ಕಾಗದಗಳಲ್ಲಿ ಗದ್ದೆಯ ಅಳತೆಯೂ ತೀರುವೆಯೂ ದೊರೆಯುವುವು. ಈ ಪ್ರಶ್ನೆಗೆ ಉತ್ತರ ದೊರೆಯದು. ಆದಕಾರಣ ಕಾದಂಬರಿಯನ್ನೇ ಆಧಾರವಾಗಿ ಓದಬೇಕಾಗಿದೆ.

ರಾಮ ಐತಾಳರ ಮನೆಯಲ್ಲಿ ದುಡಿಮೆಯ ಭಾರವನ್ನು ಹೊತ್ತವರು ವಿಧವೆಯಾದ ತಂಗಿ ಸರಸೋತಿ, ಮತ್ತು ಮಕ್ಕಳಿಲ್ಲದ ಹಿರಿಯ ಹೆಂಡತಿ ಪಾರೋತಿ. ಎರಡನೆಯವಳಾಗಿ ಬಂದ ಸತ್ಯಭಾಮೆ ತಾಯಿಯಾಗುವ ವೇಳೆಗೆ ಆ ಮನೆಯಲ್ಲಿ ಎರಡು ಜೊತೆ ನುರಿತ ಕೈಗಳು ಸಿದ್ಧವಾಗಿದ್ದುವು. ಒಬ್ಬಳ ತಾಯ್ತನವು ನಿಂತಿರುವುದು ತಾಯಿಯಾಗದ ಇಬ್ಬರ ಬೆನ್ನಿನ ಮೇಲೆ. ಕಾರಂತರು ಇದನ್ನು ಎತ್ತಿ ಹೇಳಲಿಲ್ಲ, ಕಂಡುದನ್ನು ಕಂಡಂತೆ ಬರೆದರು. ಮುಂದಿನ ತಲೆಮಾರಿನಲ್ಲಿ ಲಚ್ಚನ ದುರ್ವ್ಯಸನಗಳಿಗೆ ಆಸ್ತಿ ಕರಗಿಹೋಗಿ, ಮಗ ರಾಮನನ್ನು ಬೆಳೆಸುವ ಹೊರೆ ಬಹುಮಟ್ಟಿಗೆ ನಾಗವೇಣಿಯೊಬ್ಬಳ ಮೇಲೆ ಬಿದ್ದಾಗ ವ್ಯತ್ಯಾಸವು ಸ್ಪಷ್ಟವಾಗುವುದು. ಅವಳ ಕಷ್ಟಕ್ಕೆ ಬಡತನವೊಂದೇ ಕಾರಣವೆನ್ನುವುದು ಅರ್ಧಸತ್ಯ. ಮನೆಯಲ್ಲಿ ಜನ ಕಡಿಮೆಯಾದುದೂ ಕಾರಣವೇ. ಇದನ್ನು 'ತ್ಯಾಗ'ವೆಂದು ಕರೆದು ಮುಂದೆ ಸಾಗುವ ವಿಮರ್ಶೆಯು ಇಲ್ಲಿನ ಕೆಲಸದ ಲೆಕ್ಕವನ್ನು ತಪ್ಪಿಸುತ್ತದೆಂದು ನಮ್ಮ ಅಭಿಪ್ರಾಯ.

ಆದರೆ ಈ ಕಾದಂಬರಿಯ ಸಾಕ್ಷ್ಯಕ್ಕೂ ಮಿತಿಯುಂಟು. ಅದರಲ್ಲಿರುವುದು ಕೋಟದ ಆಸುಪಾಸಿನ ಕಡಲಕರೆಯ ಬ್ರಾಹ್ಮಣ ಮನೆ. ಹೆಮ್ಮಾಡಿಯಿಂದ ಕೊಲ್ಲೂರಿನ ದಾರಿ ಹಿಡಿದು ಒಳನಾಡಿನ ವಂಡ್ಸೆಗೆ ಬಂದರೆ ಚಿತ್ರ ಬದಲಾಗುವುದು. ಇತ್ತ ಬಂಟ, ಬಿಲ್ಲವ ಮುಂತಾದವರ ಅಳಿಯಸಂತಾನ ಕಟ್ಟಿನಲ್ಲಿ ಮಗು ತಾಯಿಯ ಕುಟುಂಬಕ್ಕೆ ಸೇರಿದುದು. ತವರಿನಲ್ಲಿ ಅಮ್ಮಮ್ಮ, ಚಿಕ್ಕಮ್ಮ, ಸೋದರಮಾವಂದಿರ ನಡುವೆ ಮಗುವನ್ನು ಬಿಟ್ಟು ನಟ್ಟಿಗೆ ಹೋಗುವುದು ಹೆಂಗಸಿಗೆ ದಾಕ್ಷಿಣ್ಯದ ಮಾತಾಗಿರಲಿಲ್ಲ. (ಯಜಮಾನಿಕೆ ಮಾತ್ರ ಹೆಚ್ಚಾಗಿ ಗಂಡಸಿನದೇ ಎಂಬುದನ್ನು ಮರೆಯಬಾರದು.) ಮದರಾಸಿನ 1949ರ ಅಳಿಯಸಂತಾನ ಕಾಯಿದೆ ಕುಟುಂಬದ ಪಾಲಿಗೆ ದಾರಿ ಮಾಡಿತು, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಆಸ್ತಿಯ ಕ್ರಮವನ್ನು ಮತ್ತಷ್ಟು ಬದಲಿಸಿತು. ಪಂಡಿತರು ಭೂಮಿ ಹಂಚಿಹೋದುದನ್ನು ಚರ್ಚಿಸಿದಷ್ಟು, ಅದರೊಂದಿಗೆ ಮಗುವನ್ನು ನೋಡುವ ಕೈಗಳೂ ಪಾಲಾದುದನ್ನು ಚರ್ಚಿಸಿಲ್ಲ.

ಆ ಕೈಗಳ ಬದಲಿಗೆ ಸರಕಾರವು ಏನನ್ನು ಕೊಟ್ಟಿತು? 1961ರ ಹೆರಿಗೆ ಸೌಲಭ್ಯ ಕಾಯಿದೆಯಲ್ಲಿ 12 ವಾರಗಳ ರಜೆಯಿತ್ತು. 2017ರ ತಿದ್ದುಪಡಿ ಅದನ್ನು ಮೊದಲ ಎರಡು ಮಕ್ಕಳಿಗೆ 26 ವಾರಕ್ಕೇರಿಸಿ, 50 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗೆ ಶಿಶುಗೃಹವನ್ನು ವಿಧಿಸಿತು. ಬೈಲಿನಲ್ಲಿ ನಟ್ಟಿಗೆ ಸೇರಿದ ಹತ್ತು ಹೆಂಗಸರು ಯಾವ ಸಂಸ್ಥೆಯವರು? 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಯೇ ಅವರಿಗೆ ಹತ್ತಿರದ ಆಸರೆ. ಅಲ್ಲಿಯೂ ಶಾಲಾಪೂರ್ವ ಶಿಕ್ಷಣವು ಮೂರು ವರ್ಷ ತುಂಬಿದ ಮಕ್ಕಳಿಗೆ, ಎದೆಹಾಲಿನ ಕೂಸಿಗಲ್ಲ. ಸಂಬಳದ ರಜೆ ಪಡೆದ ನಮ್ಮಂಥವರಿಗೂ ರಜೆ ಮುಗಿದ ಮರುದಿನ ಒದಗಿದುದು ಕಾಯಿದೆಯಲ್ಲ, ವಂಡ್ಸೆಯಿಂದ ಬಸ್ಸು ಹತ್ತಿ ಬಂದ ತಾಯಿ. ಅವರು ಬಾರದಿದ್ದರೆ ಈ ಲೇಖನವಿರುತ್ತಿರಲಿಲ್ಲ.

ಹಿಂದೆ ನಟ್ಟಿಯ ದಿನಗಳಲ್ಲಿ ಮಕ್ಕಳು ಯಾರ ಬಳಿ ಇರುತ್ತಿದ್ದುವೆಂದು ನಾವು ಅಮ್ಮಮ್ಮನನ್ನು ವಿಚಾರಿಸಿದೆವು. ಅವರು ತಡವರಿಸದೆ ಹೇಳಿದುದು ಗಂಡನ ಮನೆ ಬಿಟ್ಟು ಬಂದು, ಮಕ್ಕಳಿಲ್ಲದೆ, ಕೊನೆಯವರೆಗೂ ತವರಿನಲ್ಲಿಯೇ ಉಳಿದ ತಮ್ಮ ಅಕ್ಕನ ಹೆಸರನ್ನು. ಆರು ಮಕ್ಕಳು ಅವರ ಜೋಲಿಯಲ್ಲಿ ಬೆಳೆದವಂತೆ. ಮನೆಯ ಹಳೆಯ ಪಾಲುಪತ್ರವನ್ನು ನಾವು ಎರಡು ಸಲ ಓದಿ ನೋಡಿದೆವು. ಅದರಲ್ಲಿ ಆ ಹೆಸರಿಲ್ಲ.